ಮೂರನೆಯ ಕೂಗು

ನನ್ನ ಸೋದರತ್ತೆಗೆ ಹಾವಿನ ಭಯವಿರಲಿಲ್ಲ. ಚಿರತೆ ಓಡಾಡುತ್ತದೆ ಎಂದು ಹಳ್ಳಿಯವರು ಎಚ್ಚರಿಸಿದ ಜಾಡಿನಲ್ಲೇ ಬುತ್ತಿ ಬಿಚ್ಚಿ ಕೂತು, ಉಪ್ಪಿನಕಾಯಿ ತರಲು ಮರೆತದ್ದಕ್ಕೆ ಮಾತ್ರ ಚಿಂತೆ ಮಾಡಿದವಳು ಅವಳು. ಕಚೇರಿಯ ಮೇಲಧಿಕಾರಿಗೆ ಹೆದರುತ್ತಿರಲಿಲ್ಲ. ನಮ್ಮಮ್ಮನಿಗೂ ಹೆದರುತ್ತಿರಲಿಲ್ಲ; ಇಡೀ ಬೀದಿಯೇ ಅಮ್ಮನ ಬಾಯಿಗೆ ಹೆದರುತ್ತಿದ್ದ ಕಾಲ ಅದು. ಅವಳಿಗಿದ್ದ ಭಯ ಒಂದೇ. ಹೊರಗೆ, ಮರಗಿಡಗಳ ನಡುವೆ, ಯಾರಾದರೂ ಒಂದೇ ಒಂದು ಸಲ ಕೂಗಿ ಸುಮ್ಮನಾಗಿಬಿಡುವುದು.

ನಮ್ಮ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಕೋಣೆ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮತ್ತು ಒಂದು ಸಂಪಿಗೆ ಮರ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅತ್ತೆ ಅಪ್ಪನಿಗೆ ಅಕ್ಕ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವ ಬಂಧುಗಳಿಗೆ, "ಭಾನುವಾರ ಬೆಟ್ಟಕ್ಕೆ ಬರೋ ಗಂಡು ಸಿಗ್ಲಿಲ್ಲ, ಎಲ್ರೂ ಊಟ ಮಾಡಿ ಮಲಗೋರೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಉತ್ತರ ಕೇಳಿ ನಗುವುದೋ ಬಿಡುವುದೋ ತಿಳಿಯದೆ ಅವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಅವಳ ಪ್ರಕಾರ ಈ ರಾಜ್ಯದಲ್ಲಿ ಹುಟ್ಟಿ ಮನೆಯೊಳಗೆ ಕೂರುವುದು ದೊಡ್ಡ ಪಾಪ. "ಒಂದ್ಕಡೆ ಸಮುದ್ರ, ಒಂದ್ಕಡೆ ಘಟ್ಟ, ಎಲ್ಲಿ ಬಸ್ ಇಳಿದ್ರೂ ಒಂದು ಬಂಡೆ. ದೇವ್ರು ಇಷ್ಟೆಲ್ಲ ಹರಡಿ ಇಟ್ಟಿರೋವಾಗ ನೀನು ಗೋಡೆ ನೋಡ್ಕೊಂಡು ಕೂತಿದೀಯಲ್ಲೇ" ಎಂದು ನನ್ನನ್ನು ಎಬ್ಬಿಸುತ್ತಿದ್ದಳು. ತಿಂಗಳಿಗೊಂದು ಭಾನುವಾರ ಮೆಜೆಸ್ಟಿಕ್‌ನಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಶಿವಗಂಗೆಗೋ ದೇವರಾಯನದುರ್ಗಕ್ಕೋ ಹೊರಡುತ್ತಿದ್ದೆವು. ಹೋಗುತ್ತಿದ್ದವರು ಮೂವರೇ: ಅತ್ತೆ, ಅಪ್ಪ, ನಾನು. ಅಮ್ಮ ಬರುತ್ತಿರಲಿಲ್ಲ. ಬೆಟ್ಟ ಕ್ಯಾಲೆಂಡರಿನಲ್ಲೇ ಚೆನ್ನಾಗಿರುತ್ತದೆ ಎನ್ನುವುದು ಅಮ್ಮನ ಖಚಿತ ಅಭಿಪ್ರಾಯ. ಆದರೂ ನಸುಕಿಗೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುತ್ತಿದ್ದವಳು ಅವಳೇ.

ಉಳಿದ ದಿನಗಳ ಸಂಜೆ ಕಹಳೆ ಬಂಡೆ. ಅತ್ತೆ ಕಚೇರಿಯಿಂದ ಬಂದು ಕಾಫಿ ಕುಡಿದ ಕೂಡಲೇ ನನ್ನನ್ನು ಕರೆದುಕೊಂಡು ಗವಿಪುರಂ ದಾಟಿ ಬಸವನಗುಡಿಯ ಆ ಬಂಡೆಗೆ ನಡೆಯುತ್ತಿದ್ದಳು. ಅಲ್ಲಿನ ಮರಗಳಲ್ಲಿ ಬಾವಲಿಗಳಿದ್ದವು. ಹಗಲೆಲ್ಲ ಒಣಗಲು ಹಾಕಿದ ಕಪ್ಪು ಬಟ್ಟೆಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಸೂರ್ಯ ಮುಳುಗಿದ ಮೇಲೆ ಮೊದಲು ಒಂದು ಬಿಡಿಸಿಕೊಂಡು ಹಾರುತ್ತಿತ್ತು. ಅದು ಸುತ್ತು ಹೊಡೆದು ಎಲ್ಲಿಗೋ ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ. ರೆಕ್ಕೆಗಳ ಸದ್ದು ತಲೆಯ ಮೇಲೆ ಹಾದು ಹೋಗುವಾಗ ಕಾಲಿನ ಕೆಳಗಿನ ಬಂಡೆ ಹಗಲಿನ ಬಿಸಿಯನ್ನು ಇನ್ನೂ ಹಿಡಿದುಕೊಂಡಿರುತ್ತಿತ್ತು. ಮೇಲೆ ತಣ್ಣನೆ ಗಾಳಿ, ಕೆಳಗೆ ಜ್ವರ ಬಂದ ಮೈಯಂಥ ಕಲ್ಲು. ನನಗೆ ಅದು ಇಷ್ಟವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು, ಮರುದಿನ ಮತ್ತೆ ಹೋಗಬೇಕೆನಿಸುತ್ತಿತ್ತು.

ಅಲ್ಲೇ ಅವಳು ನನಗೆ ಆ ನಿಯಮ ಹೇಳಿಕೊಟ್ಟದ್ದು. ಬೆಟ್ಟದಲ್ಲಿ, ಕಾಡಿನಲ್ಲಿ, ಹೊತ್ತು ಮುಳುಗಿದ ಮೇಲೆ ಹಿತ್ತಲಲ್ಲೂ, ಯಾರನ್ನೂ ಹೆಸರು ಹಿಡಿದು ಕೂಗಬಾರದು. ಅಕ್ಕ, ಅತ್ತೆ, ಪುಟ್ಟಿ ಎಂದೇ ಕೂಗಬೇಕು. ಯಾರಾದರೂ ನಮ್ಮನ್ನು ಕೂಗಿದರೆ ಮೊದಲನೆಯದಕ್ಕೆ ಓಗೊಡಬಾರದು. ಎರಡನೆಯದಕ್ಕೂ ಕೂಡದು. ಅದೇ ಗಂಟಲು, ಅದೇ ಜಾಗದಿಂದ, ಮೂರನೆಯ ಸಲ ಕೂಗಿದರೆ ಮಾತ್ರ "ಓ" ಅನ್ನಬೇಕು.

"ಯಾಕೆ?"

"ಅದಕ್ಕೆ ಒಂದೇ ಸಲ ಕೂಗೋ ಶಕ್ತಿ ಇರೋದು. ಜೋರು ಮಾಡಿದ್ರೆ ಎರಡು ಸಲ. ಮೂರು ಸಲ ಕೂಗೋಷ್ಟು ಅಕ್ಕರೆ ಮನುಷ್ಯರಿಗೆ ಮಾತ್ರ ಇರತ್ತೆ."

"ಅದು ಅಂದ್ರೆ ಯಾವ್ದು?"

"ಗೊತ್ತಿದ್ರೆ ಹೆದರ್ತಿದ್ನಾ?" ಎಂದು ಅವಳು ಎದ್ದು ಸೀರೆ ಕೊಡವಿಕೊಂಡಳು.

ಈ ಬರಹದಲ್ಲಿ ಯಾರ ಹೆಸರೂ ಇಲ್ಲವೆಂದು ಓದುವವರಿಗೆ ಅನ್ನಿಸಿದರೆ ಕಾರಣ ಇದೇ. ಬೆಟ್ಟದ ಮಾತು ಬರೆಯುವಾಗ ಹೆಸರು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಅಪ್ಪನಿಗೆ ಇದೆಲ್ಲ ತಮಾಷೆ. "ನಿಮ್ಮತ್ತೆಗೆ ಚಿರತೆ ಬಂದ್ರೆ ಪರವಾಗಿಲ್ಲ, ಅದು ಮೂರು ಸಲ ಕೂಗಿ ಬರ್ಬೇಕು ಅಷ್ಟೆ" ಅನ್ನುತ್ತಿದ್ದರು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಬೀದಿಯ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿತ್ತು. ಸಂಜೆ ಹೊತ್ತು ಮನೆಯವರ ದನಿಯಲ್ಲೇ ಕರೆಯುವ ಯಾವುದೋ ಒಂದು ಬಂದು, ಅದನ್ನು ಓದಿ, ವಾಪಸು ಹೋಗುತ್ತದೆಂದು ನಂಬಿಕೆ. ನಮ್ಮ ಬಾಗಿಲಿಗೆ ಬರೆಯಲು ಅಪ್ಪ ಬಿಡಲಿಲ್ಲ. ಅತ್ತೆಯೂ ಬರೆಯಬೇಕೆಂದು ಹಟ ಹಿಡಿಯಲಿಲ್ಲ. "ಬಾಗಿಲಿಗೆ ಬರೆದ್ರೆ ಏನು ಬಂತು? ಬೆಟ್ಟಕ್ಕೆ ಬಾಗಿಲೆಲ್ಲಿದೆ?" ಎಂದಳು. ಆ ಮಾತು ನನಗೆ ಬೀದಿಯ ಎಲ್ಲ ಬಾಗಿಲುಗಳಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಒಂದು ಸಂಜೆ ನಾನು ಹಿತ್ತಲಲ್ಲಿ ಬಿದ್ದ ಸಂಪಿಗೆ ಹೂ ಆಯುತ್ತಿದ್ದೆ. ಆಗ ಹನ್ನೊಂದೋ ಹನ್ನೆರಡೋ ವಯಸ್ಸು. ಕತ್ತಲಾಗಿರಲಿಲ್ಲ, ಬೆಳಕೂ ಇರಲಿಲ್ಲ. ಒಗೆಯುವ ಕಲ್ಲಿನ ಆಚೆಯಿಂದ ಅತ್ತೆ "ಪುಟ್ಟೀ" ಎಂದು ಕರೆದಳು. ಅವಳು ಕರೆಯುವುದೇ ಹಾಗೆ, ಕೊನೆಯ ಅಕ್ಷರವನ್ನು ಸ್ವಲ್ಪ ಮೇಲಕ್ಕೆತ್ತಿ. ಬಾಯಿಗೆ ಬಂದ "ಏನತ್ತೆ"ಯನ್ನು ಹೇಗೋ ನುಂಗಿಕೊಂಡು ನಿಂತೆ. ಎರಡನೆಯ ಸಲ ಕರೆಯಲಿಲ್ಲ. ಒಳಗೆ ಹೋಗಿ ನೋಡಿದರೆ ಅಮ್ಮ ಒಬ್ಬಳೇ ಕೂತು ಅವರೆಕಾಳು ಹಿತುಕುತ್ತಿದ್ದಳು.

"ಅತ್ತೆ ಎಲ್ಲಿ?"

"ಇನ್ನೂ ಆಫೀಸಿಂದ ಬಂದಿಲ್ವಲ್ಲೇ. ಯಾಕೆ?"

ಅತ್ತೆ ಬಂದ ಮೇಲೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲೇ ನಿಂತು, "ನೀನು ಓ ಅಂದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕೈಗಳು ತಣ್ಣಗಿದ್ದವು. ಆಮೇಲೆ ಅಡುಗೆಮನೆಗೆ ಹೋಗಿ, ಅಮ್ಮನ ಜತೆ ಕೂತು, ಏನೂ ಆಗದವಳ ಹಾಗೆ ಅವರೆಕಾಳು ಹಿತುಕಿದಳು.

ಸಾವನದುರ್ಗಕ್ಕೆ ಹೋದದ್ದು ಅದೇ ಚಳಿಗಾಲದಲ್ಲಿ. ಮಾಗಡಿ ಬಸ್ಸಿನಿಂದ ಇಳಿದಾಗ ಬೆಟ್ಟವೇ ಇರಲಿಲ್ಲ, ಬರೀ ಮಂಜು. ಇಷ್ಟು ದೊಡ್ಡ ಬಂಡೆಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ಅಪ್ಪ ಬಿಸಿಲೇರಲಿ, ಕಾಯೋಣ ಎಂದರು. ಅತ್ತೆ ಕೇಳುವವಳೇ? ಬುಡದ ದೇವಸ್ಥಾನದಲ್ಲಿ ಕೈ ಮುಗಿದು ಆಗಲೇ ಮುಂದೆ ಹೊರಟಾಗಿತ್ತು. ನಾನೂ ಅಪ್ಪನೂ ಅವಳ ಕಂದು ಶಾಲಿನ ಹಿಂದೆ ನಡೆದೆವು.

ಆ ಬೆಟ್ಟವೆಂದರೆ ಒಂದೇ ಕಲ್ಲು. ಹತ್ತಲು ದಾರಿ ಎಂಬುದಿಲ್ಲ, ಬಂಡೆಯ ಮೇಲೆ ಯಾರೋ ಪುಣ್ಯಾತ್ಮರು ಬಳಿದ ಬಿಳಿ ಬಾಣದ ಗುರುತುಗಳಿವೆ, ಅವನ್ನು ನೋಡಿಕೊಂಡು ಏರಬೇಕು. ಅಲ್ಲಲ್ಲಿ ಕುಸಿದ ಕೋಟೆಗೋಡೆ. ಗೋಡೆಯ ಬುಡದಲ್ಲಿ ಮಜ್ಜಿಗೆ ಹುಲ್ಲು, ಅದನ್ನು ತುಳಿದರೆ ನಿಂಬೆಯ ವಾಸನೆ. ಮಂಜಿನಲ್ಲಿ ಎಲ್ಲ ವಾಸನೆಯೂ ಹತ್ತಿರವಿದ್ದು ಎಲ್ಲ ನೋಟವೂ ದೂರವಾಗಿತ್ತು. ಎರಡನೆಯ ಕೋಟೆಗೋಡೆಯ ಹತ್ತಿರ ಕೂತು ಅವರೆಕಾಳಿನ ಉಪ್ಪಿಟ್ಟು ತಿಂದೆವು. ಅಂಥ ರುಚಿಯಾದ ಉಪ್ಪಿಟ್ಟನ್ನು ನಾನು ಮತ್ತೆ ಎಲ್ಲೂ ತಿಂದಿಲ್ಲ. ಬೆರಳು ಚಳಿಗೆ ಮರಗಟ್ಟಿತ್ತು, ಡಬ್ಬಿ ಇನ್ನೂ ಬೆಚ್ಚಗಿತ್ತು, ಎಲ್ಲಿಂದಲೋ ಕಾಜಾಣವೊಂದು ಸಿಳ್ಳೆ ಹಾಕುತ್ತಿತ್ತು. ಹೊರಗಿರುವುದು ಎಂದರೆ ಇದು ಎಂದು ನನಗೆ ಆ ಹೊತ್ತಿನಲ್ಲಿ ಅನ್ನಿಸಿದ್ದು ಚೆನ್ನಾಗಿ ನೆನಪಿದೆ.

ಅತ್ತೆ ಕೈ ಒರೆಸಿಕೊಂಡು ಎದ್ದಳು. "ಪಕ್ಕದಲ್ಲಿ ಒಂದು ದೊಣೆ ಇದೆ, ನೀರಿದ್ಯಾ ನೋಡ್ಕೊಂಡು ಬರ್ತೀನಿ. ನೀವು ಡಬ್ಬಿ ಕಟ್ಟಿ." ಬಂಡೆಯಲ್ಲಿ ಮಳೆನೀರು ನಿಲ್ಲುವ ಗುಂಡಿಗೆ ದೊಣೆ ಎನ್ನುತ್ತಾರೆ. ಯಾವ ಬೆಟ್ಟಕ್ಕೆ ಹೋದರೂ ಅದರಲ್ಲಿ ಕಪ್ಪೆ ಇದೆಯೇ ನೋಡದೆ ಅವಳು ಇಳಿಯುತ್ತಿರಲಿಲ್ಲ. ಶಾಲು ಗೋಡೆಯ ತಿರುವಿನಲ್ಲಿ ಮರೆಯಾಯಿತು.

ಡಬ್ಬಿ ಕಟ್ಟಿದೆವು. ನೀರು ಕುಡಿದೆವು. ಅಪ್ಪ ಶೂ ಬಿಚ್ಚಿ ಒಳಗಿದ್ದ ಕಲ್ಲು ಕೊಡವಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಕಂತು ಮಂಜು ಏರಿ ಬಂದು ಕೋಟೆಗೋಡೆಯನ್ನೇ ನುಂಗಿತು. ಅತ್ತೆ ಬರಲಿಲ್ಲ.

ಅಪ್ಪ ಎದ್ದು "ಅಕ್ಕಾ" ಎಂದು ಕೂಗಿದರು.

ಉತ್ತರವಿಲ್ಲ. ಎದುರಿನ ಬಂಡೆಯಿಂದ ಮಾತ್ರ ಅದೇ ಕೂಗು ತಿರುಗಿ ಬಂತು, ಸ್ವಲ್ಪ ಹಳೆಯದಾಗಿ.

ಅಪ್ಪ ಮೊದಲು ಗಾಬರಿಯಾಗಲಿಲ್ಲ. ಅವರಿಗೆ ಎಲ್ಲದಕ್ಕೂ ಒಂದು ಕ್ರಮವಿತ್ತು. ಒಂದು ಸಲ ಕೂಗುವುದು, ಕಿವಿಗೊಟ್ಟು ನಿಲ್ಲುವುದು, ಸ್ವಲ್ಪ ದೂರ ಸರಿದು ಮತ್ತೆ ಒಂದು ಸಲ ಕೂಗುವುದು. ಬೇರೆ ಬೇರೆ ಕಡೆಯಿಂದ ಕೂಗಿದರೆ ಅವಳ ದನಿ ಯಾವ ದಿಕ್ಕಿನಿಂದ ಬರುತ್ತದೆಂದು ಹಿಡಿಯಬಹುದು ಎಂದು ನನಗೆ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು. ನಾನು ಅವರ ಅಂಗಿ ಹಿಡಿದುಕೊಂಡು ಹಿಂದೆ ನಡೆದೆ. ಗೋಡೆಯ ಹತ್ತಿರ ಒಂದು ಕೂಗು. ದೊಣೆಯ ಹತ್ತಿರ ಒಂದು. ಅದರಲ್ಲಿ ನೀರಿತ್ತು, ನೀರಿನಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಒಂದು ಒಣಗಿದ ಗಿಡದ ಹತ್ತಿರ ಒಂದು ಕೂಗು. ಪ್ರತಿ ಸಲವೂ ಬಂಡೆ ಅದನ್ನು ಹಿಂತಿರುಗಿಸುತ್ತಿತ್ತು. ಕೇಳುತ್ತ ಕೇಳುತ್ತ ನನಗೆ, ಆ ಕಡೆಯೂ ಒಬ್ಬರು ನಿಂತುಕೊಂಡು ನಮ್ಮತ್ತೆಯನ್ನೇ ಹುಡುಕುತ್ತಿದ್ದಾರೆ ಅನ್ನಿಸತೊಡಗಿತು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅಪ್ಪನ ಗಂಟಲು ಒಡೆಯಿತು. ಆಮೇಲೆ ನನ್ನ ಕಾಲಿಗೆ ಮೆತ್ತಗೆ ಏನೋ ಸಿಕ್ಕಿತು. ಅತ್ತೆಯ ಶಾಲು. ಅದು ಬಿದ್ದಿದ್ದ ಜಾಗದಿಂದ ಬಂಡೆ ನುಣ್ಣಗೆ ಕೆಳಗೆ ಬಾಗಿಕೊಂಡು ಹೋಗಿತ್ತು. ಎಲ್ಲಿಯವರೆಗೆ ಎಂದು ಕಾಣುತ್ತಿರಲಿಲ್ಲ. ಇಬ್ಬನಿಯಿಂದ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು.

ಅಪ್ಪನ ಮುಖ ನೋಡಿದೆ. ನೋಡಬಾರದಿತ್ತು. ಪಾಠ ಹೇಳುವ, ತಮಾಷೆ ಮಾಡುವ ಮುಖ ಅಲ್ಲಿರಲಿಲ್ಲ. ಅಕ್ಕನನ್ನು ಕಳೆದುಕೊಂಡ ತಮ್ಮನ ಮುಖವಿತ್ತು, ಅದು ನನಗಿಂತ ಚಿಕ್ಕ ಹುಡುಗನದಾಗಿತ್ತು.

"ನೀನು ಇಲ್ಲೇ ಕೂತ್ಕೋ. ನಾನು ಸ್ವಲ್ಪ ಇಳಿದು ನೋಡ್ತೀನಿ."

"ಅಪ್ಪಾ ಬೇಡಿ. ಜಾರತ್ತೆ."

"ಕೂತ್ಕೋ ಅಂದ್ನಲ್ಲ!"

ಅವರು ಶೂ ಬಿಚ್ಚತೊಡಗಿದರು. ಅತ್ತೆ ಹೋದಳು, ಈಗ ಅಪ್ಪನೂ ಹೋಗುತ್ತಾರೆ, ಈ ಬಿಳಿಯ ನಡುವೆ ನಾನೊಬ್ಬಳೇ ಉಳಿಯುತ್ತೇನೆ ಎಂದುಕೊಳ್ಳುತ್ತ ಶಾಲನ್ನು ಎತ್ತಿಕೊಂಡೆ. ಆಗ ಹೊಳೆಯಿತು. ಅಪ್ಪ ಇಷ್ಟು ಹೊತ್ತೂ ಒಂದೊಂದು ಜಾಗದಿಂದ ಒಂದೊಂದೇ ಸಲ ಕೂಗಿದ್ದಾರೆ.

"ಅಪ್ಪಾ, ಒಂದೇ ಕಡೆ ನಿಂತ್ಕೊಂಡು ಮೂರ್ಸಲ ಕೂಗಿ."

"ಇದೇನಾ ಅದಕ್ಕೆಲ್ಲ ಹೊತ್ತು?" ಎಂದು ಸಿಡುಕಿದರು. ಆ ಸಿಡುಕಿನಲ್ಲಿ ಅಳು ಇತ್ತು.

ನಾನೇ ಕೂಗಿದೆ. ಶಾಲನ್ನು ಎದೆಗೆ ಅವಚಿಕೊಂಡು, ಕಾಲು ಒಂದು ಚೂರೂ ಕದಲಿಸದೆ. "ಅತ್ತೇ." ಬಂಡೆ ಅದನ್ನು ಹಿಂದಕ್ಕೆ ಕೊಟ್ಟಿತು. ಅದು ಮುಗಿಯುವವರೆಗೂ ಕಾದು ಮತ್ತೆ, "ಅತ್ತೇ." ಈ ಸಲ ಬಂಡೆಯ ಮಾರುತ್ತರ ತಡವಾಗಿ ಬಂತು, ಅಥವಾ ನನಗೆ ಹಾಗನ್ನಿಸಿತು. ಮೂರನೆಯದನ್ನು ಕೂಗುವ ಮೊದಲು ನನಗೆ ವಿಪರೀತ ಭಯವಾಯಿತು. ಇದಕ್ಕೂ ಅವಳು ಬಾರದಿದ್ದರೆ ಇನ್ನು ಕೂಗಲು ಏನೂ ಉಳಿಯುವುದಿಲ್ಲ. ಕಣ್ಣು ಮುಚ್ಚಿಕೊಂಡು ಕೂಗಿದೆ.

"ಓ."

ಎಷ್ಟು ಹತ್ತಿರದಿಂದ ಬಂತೆಂದರೆ ಅಪ್ಪ ಬೆಚ್ಚಿ ಕೂತುಬಿಟ್ಟರು. ನಾವು ನಿಂತಿದ್ದ ಬಂಡೆಯ ಅಂಚಿನ ಸರಿಯಾಗಿ ಕೆಳಗೆ, ಒಂದಾಳುದ್ದ ತಗ್ಗಿನಲ್ಲಿ, ಕಲ್ಲು ಹಲಗೆಯಂತೆ ಚಾಚಿಕೊಂಡಿತ್ತು. ಅಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಅತ್ತೆ ಕೂತಿದ್ದಳು. ಕಾಲು ಉಳುಕಿತ್ತು. ಅವಳ ಪಾದಗಳ ಆಚೆ ಏನೂ ಇರಲಿಲ್ಲ. ಮಂಜಿನಲ್ಲಿ ಸುತ್ತುವಾಗ ಅಪ್ಪ ಒಮ್ಮೆ ಅವಳ ತಲೆಯ ನೇರ ಮೇಲೆ ಬಂಡೆಯಂಚಿನಲ್ಲೇ ನಿಂತು ಕೂಗಿ ಮುಂದೆ ಹೋಗಿದ್ದರು. ಅಷ್ಟನ್ನೂ ಅವಳು ಕೇಳಿಸಿಕೊಂಡು ಸುಮ್ಮನೆ ಕೂತಿದ್ದಳು.

ಶಾಲನ್ನು ಇಳಿಬಿಟ್ಟು, ಅಪ್ಪ ಹೊಟ್ಟೆಯ ಮೇಲೆ ಮಲಗಿ, ಹೇಗೋ ಅವಳನ್ನು ಎಳೆದುಕೊಂಡೆವು. ಮೇಲೆ ಬಂದ ಮೇಲೆ ಅಪ್ಪನ ಕೋಪ ನೆತ್ತಿಗೇರಿತು.

"ಕೇಳಿಸ್ತಿತ್ತಾ ನಿನಗೆ?"

"ಕೇಳಿಸ್ತಿತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು? ನಾನು ಇಲ್ಲಿ ಸಾಯ್ತಿದ್ದೆ ಅಕ್ಕ!"

"ಒಂದ್ಸಲ ಇಲ್ಲಿಂದ, ಒಂದ್ಸಲ ಅಲ್ಲಿಂದ, ಒಂದ್ಸಲ ಆಚೆ ಕಡೆ ಗಾಳೀಲಿ. ಎಲ್ಲದಕ್ಕೂ ನಿನ್ನ ದನೀನೇ. ಅದ್ರಲ್ಲಿ ನೀನು ಯಾವ್ದು ಅಂತ ನಾನು ಹೇಗೆ ತಿಳ್ಕೊಳ್ಳಿ?" ಅವಳ ಹಲ್ಲುಗಳು ಚಳಿಗೆ ಕಟಕಟ ಎನ್ನುತ್ತಿದ್ದವು. "ತಪ್ಪಿ ಇನ್ನೊಂದಕ್ಕೆ ಓ ಅಂದಿದ್ರೆ?"

ಅಪ್ಪ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಟವೆಲಿನಿಂದ ಬಿಗಿಯಾಗಿ ಕಟ್ಟಿದರು. ಕಟ್ಟುತ್ತ ಕಟ್ಟುತ್ತ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಳಿಯುವಾಗ ಅತ್ತೆಯ ಒಂದು ಕೈ ಅಪ್ಪನ ಹೆಗಲ ಮೇಲೆ, ಇನ್ನೊಂದು ನನ್ನ ಕೈಯಲ್ಲಿ. ಬಾಣದ ಗುರುತು ಹುಡುಕಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದೆವು. ಮೊದಲ ಕೋಟೆಗೋಡೆ ದಾಟಿದ್ದೆವೋ ಇಲ್ಲವೋ, ಹಿಂದಿನಿಂದ, ಮೇಲಿನ ಮಂಜಿನಿಂದ ಯಾರೋ ಕೂಗಿದರು.

"ಪುಟ್ಟೀ."

ಕೊನೆಯ ಅಕ್ಷರ ಸ್ವಲ್ಪ ಮೇಲಕ್ಕೆತ್ತಿ. ಅದು ಅತ್ತೆಯ ದನಿ. ಅತ್ತೆ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ಇದ್ದಳು, ಅವಳ ತುಟಿ ಮುಚ್ಚಿತ್ತು. ಅವಳ ಬೆರಳುಗಳು ನನ್ನ ಬೆರಳುಗಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದವು. ನಾವಿಬ್ಬರೂ ಹಿಂತಿರುಗಲಿಲ್ಲ. ಅಪ್ಪ ಮಾತ್ರ ಯಾಕೋ ಅಗತ್ಯಕ್ಕಿಂತ ಜೋರಾಗಿ, "ಜಾರತ್ತೆ, ಎಲ್ರೂ ಕೆಳಗೆ ನೋಡ್ಕೊಂಡು ನಡೀರಿ" ಎಂದರು.

ಮನೆಗೆ ಬಂದ ಮೇಲೆ ಅಪ್ಪನ ವಿಜ್ಞಾನವೂ ವಾಪಸು ಬಂತು. ಬಂಡೆಯ ಮಾರ್ದನಿ, ಮಂಜಿನಲ್ಲಿ ಶಬ್ದ ದಾರಿ ತಪ್ಪುವುದು, ಕೆಳಗಿನ ಹಳ್ಳಿಯವರು ಯಾರೋ ಮಗುವನ್ನು ಕರೆದಿರುವುದು. ಯಾರೂ ಕೇಳದಿದ್ದರೂ ಎಲ್ಲವನ್ನೂ ವಿವರಿಸಿದರು. ಅಮ್ಮ ಅತ್ತೆಯ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತ, "ಕ್ಯಾಲೆಂಡರ್ ಬೆಟ್ಟದಿಂದ ಇವತ್ತಿನವರೆಗೂ ಯಾರೂ ಬಿದ್ದಿಲ್ಲ" ಎಂದಳು.

ಅತ್ತೆ ನಿಜ ಹೇಳಿದ್ದು ಕಾಲು ವಾಸಿಯಾಗಿ ನಾವು ಮತ್ತೆ ಕಹಳೆ ಬಂಡೆಗೆ ಹೋದ ಮೊದಲ ಸಂಜೆ. ಬಾವಲಿಗಳು ಇನ್ನೂ ಎದ್ದಿರಲಿಲ್ಲ. ಅವಳು ದೊಣೆಯ ಹತ್ತಿರ ಕಪ್ಪೆ ನೋಡುತ್ತಿದ್ದಾಗ ಯಾರೋ "ಮರೀ" ಎಂದು ಕೂಗಿದರಂತೆ.

"ನನ್ನನ್ನ ಮರಿ ಅಂತಿದ್ದೋರು ಒಬ್ರೇ. ನಮ್ಮಪ್ಪ. ಅವ್ರು ಹೋದಾಗ ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ."

"ನೀನು ಓ ಅಂದ್ಯಾ?"

"ಇಲ್ವೇ. ಅಷ್ಟು ದಡ್ಡಿ ಅಲ್ಲ ನಾನು." ಅವಳು ಸ್ವಲ್ಪ ಹೊತ್ತು ಮರದ ಕಡೆ ನೋಡಿದಳು. "ಆದ್ರೆ ಇನ್ನೊಂದ್ಸಲ ಕೂಗ್ತಾರೇನೋ ಅಂತ ಅನ್ನಿಸ್ತು. ಸರಿಯಾಗಿ ಕೇಳಿಸ್ಲಿ ಅಂತ ನಾಲ್ಕು ಹೆಜ್ಜೆ ಆ ಕಡೆ ಹೋದೆ. ಅಲ್ಲೇ ಜಾರಿದ್ದು."

"ಕೂಗಿದ್ರಾ?"

"ಇಲ್ಲ. ಒಂದೇ ಸಲ." ಅವಳ ದನಿಯಲ್ಲಿದ್ದದ್ದು ಭಯವಲ್ಲವೆಂದು ಆಗ ನನಗೆ ಹೊಳೆಯಲಿಲ್ಲ, ನಿರಾಸೆ ಅದು. ಅಷ್ಟರಲ್ಲಿ ಮೊದಲನೆಯ ಬಾವಲಿ ಬಿಡಿಸಿಕೊಂಡು ಹಾರಿತು.

ಬೆಟ್ಟಕ್ಕೆ ಹೋಗುವುದನ್ನು ನಾವು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅದು ಅತ್ತೆಯೇ ಅಲ್ಲ. ಬಿಳಿಗಿರಿಯಲ್ಲಿ ಕಾಡುಕೋಣ ದಾರಿ ಬಿಡುವವರೆಗೆ ಕಾದು ನಿಂತೆವು. ಕೆಮ್ಮಣ್ಣುಗುಂಡಿಯಲ್ಲಿ ಮಳೆಗೆ ಸಿಕ್ಕಿ ಜಿಗಣೆ ಕಿತ್ತುಕೊಂಡೆವು. ಬೇಸಿಗೆಯಲ್ಲಿ ಮುತ್ತುಗದ ಹೂ ಬಿಟ್ಟ ಬಯಲು ನೋಡಲೆಂದೇ ಬಸ್ಸಿನಿಂದ ಇಳಿದು, ಮುಂದಿನ ಬಸ್ಸು ಸಿಗದೆ, ಟೊಮೆಟೊ ಲಾರಿಯಲ್ಲಿ ಬೆಂಗಳೂರಿಗೆ ಬಂದೆವು. ನನಗೆ ಈ ನೆಲದ ಮೇಲೆ ಇರುವ ಪ್ರೀತಿಯೆಲ್ಲ ಅವಳ ಬೆನ್ನ ಹಿಂದೆ ನಡೆದು ಬಂದದ್ದು. ಬದಲಾದದ್ದು ಅಪ್ಪ ಮಾತ್ರ. ಅವರು ಒಪ್ಪಿಕೊಳ್ಳಲಿಲ್ಲ, ಆದರೆ ಆವತ್ತಿನಿಂದ ಎಲ್ಲಿಂದ ಕೂಗಿದರೂ ಮೂರು ಸಲವೇ. ಬಚ್ಚಲಮನೆಯ ಬಾಗಿಲಲ್ಲೂ ನಿಂತು "ಅಕ್ಕಾ, ಅಕ್ಕಾ, ಅಕ್ಕಾ, ಬಿಸಿನೀರು ಉಳಿಸು" ಎನ್ನುತ್ತಿದ್ದರು. ಮುಂದೆ ಮೊಬೈಲು ಬಂದಾಗ ಮೂರನೆಯ ಸಲ ಫೋನ್ ಬಂದರೆ ಮಾತ್ರ ಅತ್ತೆ ಎತ್ತುತ್ತಿದ್ದಳು. ಅವಳ ಸಹೋದ್ಯೋಗಿಗಳು ಇದನ್ನು ಕಿವುಡು ಎಂದುಕೊಂಡಿದ್ದರು.

ನಾನು ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದೆ. ಅತ್ತೆ ನಿವೃತ್ತಳಾದಳು. ರಸ್ತೆ ಅಗಲವಾಗಿ ಅವಳು ಗುರುತಿಟ್ಟುಕೊಂಡಿದ್ದ ಎಷ್ಟೋ ಮರಗಳು ಹೋದವು. ಒಂದೊಂದು ಮರ ಹೋದಾಗಲೂ ಫೋನ್ ಮಾಡಿ, ಮನೆಯವರು ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಿದ್ದಳು. ಆಮೇಲೆ ಒಂದು ವರ್ಷ ಅವಳಿಗೇ ಕಾಯಿಲೆಯಾಯಿತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದರು. ಅಮ್ಮ ಹಿತ್ತಲಿನ ಕಡೆಯ ಕೋಣೆಯಲ್ಲಿ, ಸಂಪಿಗೆ ಮರ ಕಾಣುವ ಹಾಗೆ ಕಿಟಕಿಯ ಬಳಿ ಹಾಸಿಗೆ ಹಾಕಿದಳು. ಬೆಟ್ಟಕ್ಕೆ ಒಮ್ಮೆಯೂ ಬಾರದ ಅಮ್ಮ, ಆ ತಿಂಗಳುಗಳಲ್ಲಿ ಅತ್ತೆಗೆ ಕಿಟಕಿಯಾಚೆ ಯಾವ ಹಕ್ಕಿ ಬಂತೆಂದು ಹೇಳುತ್ತ ಕೂತಿರುತ್ತಿದ್ದಳು. ಹೆಸರು ಗೊತ್ತಿಲ್ಲದ್ದಕ್ಕೆಲ್ಲ ಗುಬ್ಬಚ್ಚಿ ಎನ್ನುತ್ತಿದ್ದಳು, ಅತ್ತೆ ತಿದ್ದುತ್ತಿರಲಿಲ್ಲ.

ಕೊನೆಯ ದಿನ ಬೆಳಗ್ಗೆ ನಾನು ಹೋದಾಗ ಅವಳ ಕಣ್ಣು ಮುಚ್ಚಿತ್ತು. ಉಸಿರು ಒಂದು ಬಂದರೆ ಇನ್ನೊಂದು ಬಹಳ ಹೊತ್ತು ಬರುತ್ತಿರಲಿಲ್ಲ. ಎರಡು ದಿನದಿಂದ ಯಾರಿಗೂ ಓಗೊಟ್ಟಿಲ್ಲ ಎಂದು ಅಮ್ಮ ಹೇಳಿದಳು. ನಾನು ಪಕ್ಕದಲ್ಲಿ ಕೂತು, ಆ ತಣ್ಣನೆಯ ಕೈ ಹಿಡಿದುಕೊಂಡು, "ಅತ್ತೆ" ಎಂದೆ.

ಏನೂ ಇಲ್ಲ. ಹೊರಗೆ ಮರದಿಂದ ಒಂದು ಹೂ ಒಗೆಯುವ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು.

"ಅತ್ತೆ."

ಅವಳ ಹುಬ್ಬು ಕದಲಿತು. ನಾನು ಚೆನ್ನಾಗಿ ನೋಡಿದೆ. ಬಂಡೆಯ ಕೆಳಗೆ ಕೂತು ಕಿವಿಗೊಟ್ಟವಳ ಹಾಗೆ, ಉಸಿರನ್ನೇ ಹಿಡಿದುಕೊಂಡು, ಅವಳು ಕಾಯುತ್ತಿದ್ದಳು. ಮೂರನೆಯದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆಗ ನನ್ನ ಹೆಗಲ ಮೇಲೆ ಅಪ್ಪನ ಕೈ ಬಿತ್ತು. ಅವರು ಯಾವಾಗ ಒಳಗೆ ಬಂದರೋ ನಾನು ನೋಡಿರಲಿಲ್ಲ.

"ಮೂರನೇದು ಬೇಡಮ್ಮ," ಎಂದರು. "ಕೂಗಿ, ಅವಳು ಓ ಅನ್ನದೆ ಹೋದ್ರೆ ಮುಗೀತು. ಇಷ್ಟಕ್ಕೇ ಬಿಡು. ಕಾಯ್ತಾ ಇರ್ಲಿ."

ಜೀವಮಾನವೆಲ್ಲ ವಿಜ್ಞಾನ ಹೇಳಿಕೊಟ್ಟ ಮನುಷ್ಯ. ನಾನು ಬಾಯಿ ಮುಚ್ಚಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅವಳು ಹೋದಳು.

ಮುಂದಿನ ಚಳಿಗಾಲದಲ್ಲಿ ಅಪ್ಪನೂ ನಾನೂ ಸಾವನದುರ್ಗಕ್ಕೆ ಹೋದೆವು. ಅವರ ಮಂಡಿ ಕೇಳುತ್ತಿರಲಿಲ್ಲ, ಕೂತು ಎದ್ದು ಎರಡನೆಯ ಕೋಟೆಗೋಡೆಯವರೆಗೆ ಹೇಗೋ ಏರಿದೆವು. ಮಂಜು ಆವತ್ತಿನಷ್ಟೇ ಇತ್ತು. ಅಮ್ಮ ಕಟ್ಟಿಕೊಟ್ಟಿದ್ದ ಅವರೆಕಾಳಿನ ಉಪ್ಪಿಟ್ಟು ತಿಂದೆವು. ಆವತ್ತು ಮಂಜಿನಿಂದ ನನ್ನನ್ನು ಕೂಗಿದ್ದು ತಮಗೂ ಕೇಳಿಸಿತ್ತು ಎಂದು ಅಪ್ಪ, ಅಷ್ಟು ವರ್ಷಗಳ ಮೇಲೆ, ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು. ಯಾರ ದನಿಯಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮತ್ತೆ ಕೂಗೀತೇನೋ ಎಂದು ನಾನು ಅಷ್ಟು ಹೊತ್ತೂ ಕಿವಿಗೊಟ್ಟೇ ಕೂತಿದ್ದೆ. ಎರಡನೆಯ ಕೂಗಿಗಾಗಿ ಅತ್ತೆ ಯಾಕೆ ಆ ಕಡೆ ನಾಲ್ಕು ಹೆಜ್ಜೆ ನಡೆದಳೆಂದು ಆಗ ನನಗೆ ಪೂರ್ತಿ ಅರ್ಥವಾಯಿತು.

ಹೊರಡುವ ಮುಂಚೆ ಅಪ್ಪ ಅವಳ ಶಾಲು ಸಿಕ್ಕಿದ್ದ ಜಾಗಕ್ಕೆ ಮುಖ ಮಾಡಿ ನಿಂತು "ಅಕ್ಕಾ" ಎಂದು ಕೂಗಿದರು. ಬಂಡೆ ಹಿಂತಿರುಗಿಸಿತು. ಕಾಲು ಕದಲಿಸದೆ ಮತ್ತೊಮ್ಮೆ ಕೂಗಿದರು. ಅದು ಹಿಂತಿರುಗಿ ಬರುವ ಮೊದಲೇ ನನ್ನ ಕೈ ಹಿಡಿದುಕೊಂಡರು, ಇಬ್ಬರೂ ಇಳಿಯತೊಡಗಿದೆವು.